ಬೋರಮಿ ಸಿಕ್ಕಿದ್ದು ಶುಭಸೂಚನೆಯೇ? ಮೆಕಾಂಗ್‌ನ ದೈತ್ಯ ತೊರಕೆ ಮತ್ತು ಅದರ ಮಡುಗಳು

ಹೊಳೆದಂಡೆ

ಕಾಂಬೋಡಿಯದ ಉತ್ತರ ಭಾಗದ ಸ್ಟುಂಗ್ ಟ್ರೆಂಗ್ ಪ್ರಾಂತ್ಯದಲ್ಲಿ, ಮೆಕಾಂಗ್ ನದಿಯ ಕೋ ಪ್ರೆಹ್ ದ್ವೀಪದ ಬಳಿ, 2022 ರ ಜೂನ್ 13 ರಂದು ಮೀನುಗಾರರೊಬ್ಬರಿಗೆ ಸಿಕ್ಕ ಹೆಣ್ಣು ಸ್ಟಿಂಗ್‌ರೇಯ ಸುದ್ದಿಯನ್ನು ಇಲ್ಲಿ ಹಲವರು ಓದಿರುತ್ತೀರಿ. ಈ ಬಗೆಯ ಚಪ್ಪಟೆ ಮೀನಿಗೆ ಕರಾವಳಿಯ ಮಾತಿನಲ್ಲಿ ತೊರಕೆ ಎಂಬ ಹೆಸರು ಮೊದಲಿನಿಂದಲೂ ಇರುವುದರಿಂದ ನಾನು ಅದನ್ನೇ ಬಳಸುತ್ತೇನೆ. ಆ ಮೀನಿನ ಉದ್ದ 3.98 ಮೀಟರ್, ಅಗಲ 2.2 ಮೀಟರ್, ತೂಕ 300 ಕೆ.ಜಿ. ಅದನ್ನು ದಡಕ್ಕೆ ಎಳೆಯಲು ಹತ್ತು ಹನ್ನೆರಡು ಜನ ಬೇಕಾದರು. 2005 ರಲ್ಲಿ ಥಾಯ್ಲೆಂಡ್‌ನಲ್ಲಿ ಸಿಕ್ಕಿದ್ದ 293 ಕೆ.ಜಿ. ತೂಕದ ಮೆಕಾಂಗ್ ದೈತ್ಯ ಕ್ಯಾಟ್‌ಫಿಶ್‌ನ ದಾಖಲೆಯನ್ನು ಮುರಿದು, ಇದುವರೆಗೆ ತೂಕ ಮಾಡಿ ದಾಖಲಿಸಿದ ಸಿಹಿನೀರಿನ ಮೀನುಗಳಲ್ಲೇ ದೊಡ್ಡದು ಎನಿಸಿಕೊಂಡಿತು. ನೆವಾಡ ವಿಶ್ವವಿದ್ಯಾಲಯದ ಜೆಬ್ ಹೋಗನ್ ಮುನ್ನಡೆಸುತ್ತಿದ್ದ 'ವಂಡರ್ಸ್ ಆಫ್ ದ ಮೆಕಾಂಗ್' ಯೋಜನೆಯ ತಂಡ ಮೀನುಗಾರರಿಗೆ ಮಾರುಕಟ್ಟೆಯ ಬೆಲೆಯಂತೆ ಸುಮಾರು 600 ಡಾಲರ್ ಕೊಟ್ಟು, ಮೀನಿಗೆ ಧ್ವನಿಸಂಕೇತ ಹೊರಡಿಸುವ ಟ್ಯಾಗ್ ಅಳವಡಿಸಿ, ಮಾರನೆಯ ದಿನ ಹುಣ್ಣಿಮೆಯಂದು ನದಿಗೆ ಮರಳಿ ಬಿಟ್ಟಿತು. ಹೀಗಾಗಿ ಅದಕ್ಕೆ ಬೋರಮಿ ಎಂಬ ಹೆಸರು ಬಂತು. ಈ ಖಮೇರ್ ಪದ ನಮ್ಮ ಪೌರ್ಣಮಿಯ ನೆಂಟ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಪ್ರಶ್ನೆ ಇದು. ಇಂತಹ ಮೀನನ್ನು ಇನ್ನೂ ಸಾಕುವ ಶಕ್ತಿ ಇರುವ ನದಿ ಆರೋಗ್ಯವಾಗಿದೆ ಎಂದು ಅಂದು ಅನೇಕರು ಬರೆದರು. ಅದೇ ಪ್ರಭೇದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ 'ಅಳಿವಿನಂಚಿನಲ್ಲಿರುವ' ವರ್ಗದಲ್ಲಿದೆ. ಇವೆರಡನ್ನೂ ಒಟ್ಟಿಗೆ ನಂಬುವುದು ಹೇಗೆ? ನನ್ನ ಒಲವು ಮೊದಲನೆಯದರ ಕಡೆಗಿದೆ. ನಿಧಾನವಾಗಿ ಬೆಳೆಯುವ ಪ್ರಾಣಿ 300 ಕೆ.ಜಿ. ತೂಗುವಷ್ಟು ಕಾಲ ಅಲ್ಲಿ ಬದುಕಿದೆ ಎಂದರೆ ಅಲ್ಲಿ ಬದುಕಲು ಆಗುತ್ತದೆ ಎಂದೇ ಅರ್ಥವಲ್ಲವೇ?

ಮೆದುಮೂಳೆ

ಬದುಕಲು ಆಗುತ್ತಿತ್ತು ಎಂದು ಅರ್ಥ. ಕಾಲಸೂಚಕವನ್ನು ಬದಲಿಸಿದರೆ ನಿಮ್ಮ ಎರಡು ಹೇಳಿಕೆಗಳ ನಡುವಿನ ವಿರೋಧ ಕರಗಿಹೋಗುತ್ತದೆ.

ತುಸು ವಿವರವಾಗಿ ಹೇಳುತ್ತೇನೆ. ಬೋರಮಿಯ ಪ್ರಭೇದದ ವೈಜ್ಞಾನಿಕ ಹೆಸರು ಯೂರೋಜಿಮ್ನಸ್ ಪಾಲಿಲೆಪಿಸ್. ಡಚ್ ಸೇನೆಯ ವೈದ್ಯನಾಗಿದ್ದ ಪೀಟರ್ ಬ್ಲೀಕರ್ 1852 ರಲ್ಲಿ, ಇಂದಿನ ಜಕಾರ್ತದಲ್ಲಿ ಸಿಕ್ಕ ಮರಿಯೊಂದನ್ನು ಮುಂದಿಟ್ಟುಕೊಂಡು ಇದನ್ನು ಮೊದಲು ವಿವರಿಸಿದ. ಆ ಮರಿಗೂ ನದಿಯ ದೈತ್ಯನಿಗೂ ಇರುವ ನಂಟು ಯಾರ ಗಮನಕ್ಕೂ ಬರದೆ, 1990 ರಲ್ಲಿ ಥಾಯ್ಲೆಂಡ್‌ನ ಚಾವೊ ಫ್ರಾಯಾ ನದಿಯ ಮೀನನ್ನು ಹೊಸ ಪ್ರಭೇದವೆಂದೇ ಪ್ರಕಟಿಸಲಾಯಿತು. ಎರಡೂ ಒಂದೇ ಎಂದು ತೀರ್ಮಾನವಾದದ್ದು 2008 ರಲ್ಲಿ. ಒಂದೂವರೆ ಶತಮಾನ ವಿಜ್ಞಾನದ ಕಣ್ಣು ತಪ್ಪಿಸಿದ ಪ್ರಾಣಿ ನಾಲ್ಕು ಮೀಟರ್ ಉದ್ದವಿತ್ತು ಎಂಬುದೇ ಕೆಸರುನೀರಿನ ನದಿಗಳ ಬಗ್ಗೆ ನಮಗಿದ್ದ ತಿಳಿವಳಿಕೆಯ ಅಳತೆ.

ಈ ಮೀನು ಮೊಟ್ಟೆ ಇಡುವುದಿಲ್ಲ. ಮರಿಗಳು ತಾಯಿಯ ಗರ್ಭದಲ್ಲಿ, ಗರ್ಭಕೋಶದ ಗೋಡೆ ಸ್ರವಿಸುವ ಹಾಲಿನಂತಹ ದ್ರವವನ್ನು ಹೀರಿ ಬೆಳೆಯುತ್ತವೆ. ಒಂದು ಸೂಲಿಗೆ ಹುಟ್ಟುವುದು 1 ರಿಂದ 4 ಮರಿಗಳು, ಹುಟ್ಟುವಾಗ ಒಂದೊಂದರ ಅಗಲ ಸುಮಾರು 30 ಸೆಂ.ಮೀ. ಲಕ್ಷಗಟ್ಟಲೆ ಮೊಟ್ಟೆ ಚೆಲ್ಲುವ ಮೀನು ಒಂದು ಒಳ್ಳೆಯ ಮಳೆಗಾಲದಲ್ಲಿ ಚೇತರಿಸಿಕೊಳ್ಳಬಲ್ಲದು. ಇದರ ವಂಶ ಮುಂದುವರಿಯುವ ಲೆಕ್ಕ ಮೀನಿಗಿಂತ ಆನೆಯ ಲೆಕ್ಕಕ್ಕೆ ಹತ್ತಿರ. ಹಾಗಾಗಿ ಬೆಳೆದ ಹೆಣ್ಣೊಂದು ನದಿಯಲ್ಲಿ ಕಾಣಿಸಿಕೊಂಡರೆ ಅದು ಹುಟ್ಟಿ ಎಳೆಯದಾಗಿದ್ದ ಕಾಲದ ನದಿಯ ಬಗ್ಗೆ, ಅಂದರೆ ಬಹುಶಃ ಮೆಕಾಂಗ್‌ನ ದೊಡ್ಡ ಅಣೆಕಟ್ಟುಗಳಿಗಿಂತ ಹಿಂದಿನ ನದಿಯ ಬಗ್ಗೆ, ಸಾಕ್ಷಿ ಹೇಳುತ್ತಿದೆ. ಇಂದಿನ ನದಿಯ ಬಗ್ಗೆ ಸಾಕ್ಷಿ ಬೇಕಾದರೆ ತಟ್ಟೆಯಷ್ಟಗಲದ ಮರಿಗಳನ್ನು ಹುಡುಕಬೇಕು. ಅವು ಸಿಕ್ಕರೆ ಯಾವ ಪತ್ರಿಕೆಯೂ ಮುಖಪುಟದಲ್ಲಿ ಹಾಕುವುದಿಲ್ಲ, ಆದರೆ ನಾನು ಸಿಹಿ ಹಂಚುತ್ತೇನೆ.

ಕೆಂಪು ಪಟ್ಟಿಯ ಮಾತಿಗೆ ಬಂದರೆ, ಇಳಿಕೆಯ ಮಾನದಂಡದಡಿ ಒಂದು ಪ್ರಭೇದವನ್ನು ಆ ವರ್ಗಕ್ಕೆ ಸೇರಿಸಬೇಕಾದರೆ ಹತ್ತು ವರ್ಷ ಅಥವಾ ಮೂರು ಪೀಳಿಗೆ, ಇವುಗಳಲ್ಲಿ ಹೆಚ್ಚಿನ ಅವಧಿಯಲ್ಲಿ ಅದರ ಸಂಖ್ಯೆ ಕನಿಷ್ಠ 50% ಕುಸಿದಿರಬೇಕು ಅಥವಾ ಕುಸಿದಿದೆ ಎಂದು ಶಂಕಿಸಲು ಕಾರಣವಿರಬೇಕು. ಬೋರಮಿ ಸಿಕ್ಕಿತೆಂದು ಆ ಲೆಕ್ಕ ತಪ್ಪಾಗುವುದಿಲ್ಲ.

ಅಡ್ಡಪ್ರಶ್ನೆ

ನಾನು ದಾಖಲೆಯನ್ನೇ ಪ್ರಶ್ನಿಸುತ್ತೇನೆ. ಬೆಲೂಗ ಸ್ಟರ್ಜನ್ ಎಂಬ ಮೀನು ನದಿಗಳಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ತೂಕದ್ದು ಸಿಕ್ಕಿದೆ. ಅದು ಸಮುದ್ರಕ್ಕೂ ಹೋಗುತ್ತದೆ ಎಂಬ ಕಾರಣಕ್ಕೆ ಅದನ್ನು ಪಟ್ಟಿಯಿಂದ ಹೊರಗಿಡುತ್ತೀರಿ. ಆದರೆ ಈ ತೊರಕೆ ನದೀಮುಖಗಳ ಉಪ್ಪುನೀರಿನಲ್ಲೂ ಕಾಣಸಿಗುತ್ತದೆ ಎಂದು ನಾನು ಓದಿದ್ದೇನೆ. ಹಾಗಿದ್ದ ಮೇಲೆ ಇದನ್ನು ಮಾತ್ರ ಅಪ್ಪಟ ಸಿಹಿನೀರಿನ ಮೀನು ಎಂದು ಕರೆಯುವುದು ಯಾವ ನ್ಯಾಯ? ಇದು ಬರಿಯ ತಕರಾರಲ್ಲ. ಮೀನಿಗೆ ನದೀಮುಖವೂ ಬೇಕು ಎನ್ನುವುದಾದರೆ ಅದರ ಆವಾಸ ಎಲ್ಲಿಂದ ಎಲ್ಲಿಯವರೆಗೆ ಎಂಬ ಲೆಕ್ಕವೇ ಬೇರೆಯಾಗುತ್ತದೆ.

ಮೆದುಮೂಳೆ

ನಿಮ್ಮ ತಕರಾರು ಸರಿಯಾದ ಜಾಗಕ್ಕೇ ತಾಗಿದೆ. ಸಮುದ್ರದ ಶಾರ್ಕ್ ಮತ್ತು ತೊರಕೆಗಳು ತಮ್ಮ ರಕ್ತದಲ್ಲಿ ಯೂರಿಯವನ್ನು ಹಿಡಿದಿಟ್ಟುಕೊಂಡು, ಸುತ್ತಲಿನ ಉಪ್ಪುನೀರು ತಮ್ಮ ಮೈಯ ನೀರನ್ನು ಎಳೆದುಕೊಳ್ಳದಂತೆ ಸಮತೋಲನ ಕಾಯ್ದುಕೊಳ್ಳುತ್ತವೆ. ದಕ್ಷಿಣ ಅಮೆರಿಕದ ಅಮೆಜಾನ್ ಮುಂತಾದ ನದಿಗಳ ಪೊಟಮೊಟ್ರೈಗನ್ ತೊರಕೆಗಳು ಕೋಟ್ಯಂತರ ವರ್ಷಗಳ ಹಿಂದೆಯೇ ಸಮುದ್ರದ ಸಂಬಂಧ ಕಡಿದುಕೊಂಡು ಆ ಸಾಮರ್ಥ್ಯವನ್ನು ಕಳೆದುಕೊಂಡಿವೆ. ಅವನ್ನು ಉಪ್ಪುನೀರಿಗೆ ಬಿಟ್ಟರೆ ಯೂರಿಯವನ್ನು ಕೂಡಿಟ್ಟುಕೊಳ್ಳಲಾರವು. ಆಗ್ನೇಯ ಏಷ್ಯದ ನದಿ ತೊರಕೆಗಳು ಅಷ್ಟು ದೂರ ಹೋದವಲ್ಲ. ದೈತ್ಯನ ವಿಷಯದಲ್ಲೂ ಥಾಯ್ಲೆಂಡ್‌ನ ಬಾಂಗ್ ಪಕೊಂಗ್ ಮತ್ತು ಮೇ ಕ್ಲೋಂಗ್ ನದಿಗಳ ಕೆಳಭಾಗದಲ್ಲಿ, ಬೋರ್ನಿಯೋದ ಕಿನಬತಾಂಗನ್ ಮತ್ತು ಮಹಾಕಾಮ್ ನದಿಗಳಲ್ಲಿ ದಾಖಲೆಗಳಿವೆ. ಸ್ಟುಂಗ್ ಟ್ರೆಂಗ್ ಸಮುದ್ರದಿಂದ ನೂರಾರು ಕಿ.ಮೀ. ದೂರದಲ್ಲಿದೆ, ಅಲ್ಲಿನ ಮೀನುಗಳು ಒಮ್ಮೆಯಾದರೂ ಉಪ್ಪುನೀರನ್ನು ಕಾಣುತ್ತವೆಯೇ, ಇಲ್ಲವೇ ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತವೆಯೇ ಎಂಬುದನ್ನು ಹೇಳಬೇಕಾದದ್ದು ಟ್ಯಾಗ್‌ಗಳೇ.

ಅಂದಹಾಗೆ ಥಾಯ್ ಭಾಷೆಯಲ್ಲಿ ಇದರ ಹೆಸರು ಕ್ರಬೆನ್ ರಾಹು. ಕ್ರಬೆನ್ ಎಂದರೆ ತೊರಕೆ. ರಾಹು ಎಂದರೆ ನಮ್ಮ ಅದೇ ರಾಹು. ಒಂದು ಊರಿನಲ್ಲಿ ಪೌರ್ಣಮಿ, ಪಕ್ಕದ ದೇಶದಲ್ಲಿ ಆ ಪೌರ್ಣಮಿಯನ್ನೇ ನುಂಗುವವನು.

ನೀರಿನ ಲೆಕ್ಕ

ಮೀನಿನ ಬಗ್ಗೆ ಮೆದುಮೂಳೆಯವರು ಹೇಳಿದ್ದಕ್ಕೆ ನಾನು ಸೇರಿಸಬೇಕಾದದ್ದು ಏನೂ ಇಲ್ಲ. ನದಿಯ ಬಗ್ಗೆ ಮಾತ್ರ ಬರೆಯುತ್ತೇನೆ, ಉದ್ದವಾದರೆ ಕ್ಷಮಿಸಿ.

ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟಿ ಚೀನಾ, ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್, ಕಾಂಬೋಡಿಯ, ವಿಯೆಟ್ನಾಂ ಎಂಬ ಆರು ದೇಶಗಳನ್ನು ಮುಟ್ಟಿ 4,000 ಕಿ.ಮೀ.ಗೂ ಹೆಚ್ಚು ಹರಿಯುವ ಮೆಕಾಂಗ್, ಸ್ಟುಂಗ್ ಟ್ರೆಂಗ್‌ನಲ್ಲಿ ಸೆಕೊಂಗ್, ಸೆಸಾನ್, ಸ್ರೆಪೊಕ್ ಎಂಬ ಮೂರು ದೊಡ್ಡ ಉಪನದಿಗಳ ನೀರನ್ನು ಒಟ್ಟಿಗೆ ಪಡೆಯುತ್ತದೆ. ಅಲ್ಲಿಂದ ಕೆಳಗೆ ಕ್ರಾಟಿಯೆಯವರೆಗಿನ ನದಿಯ ಪಾತ್ರ ಬಂಡೆ, ನಡುಗಡ್ಡೆ, ನೀರಿನಲ್ಲಿ ಅರ್ಧ ಮುಳುಗಿ ನಿಂತ ಮರಗಳಿಂದ ತುಂಬಿದೆ. ಇವುಗಳ ನಡುವೆ ಅಲ್ಲಲ್ಲಿ ಆಳವಾದ ಮಡುಗಳಿವೆ. ಖಮೇರ್ ಭಾಷೆಯಲ್ಲಿ ಅವನ್ನು ಅನ್ಲೊಂಗ್ ಎನ್ನುತ್ತಾರೆ. ಕೆಲವು ಮಡುಗಳ ಆಳ 80 ಮೀಟರ್‌ನಷ್ಟು. ಬೇಸಿಗೆಯಲ್ಲಿ ನದಿ ಸೊರಗಿ ಬಂಡೆಗಳು ಬೆನ್ನು ತೋರಿಸಿದಾಗ ದೊಡ್ಡ ಮೀನುಗಳೆಲ್ಲ ಈ ಮಡುಗಳಿಗೆ ಇಳಿದು ಮಳೆಗಾಲಕ್ಕಾಗಿ ಕಾಯುತ್ತವೆ. ದೈತ್ಯ ತೊರಕೆ ತಳದಲ್ಲಿ ಮರಳಿನಡಿ ಹುದುಗಿಕೊಂಡು, ತಲೆಯ ಮೇಲಿರುವ ರಂಧ್ರಗಳಿಂದ ನೀರೆಳೆದು ಉಸಿರಾಡುತ್ತ, ತಳದ ಮೀನು, ಸಿಗಡಿ, ಹುಳುಗಳನ್ನು ತಿನ್ನುತ್ತದೆ. ಅಷ್ಟು ಆಳದಲ್ಲಿ ಕಣ್ಣಿನಿಂದ ಪ್ರಯೋಜನ ಕಡಿಮೆ; ಬೇಟೆಯ ಮೈಯಿಂದ ಹೊರಡುವ ಕ್ಷೀಣ ವಿದ್ಯುತ್ತನ್ನು ಗುರುತಿಸುವ ಇಂದ್ರಿಯ ಅದರ ಮೂತಿಯ ಸುತ್ತ ಇದೆ.

ಮಡುವಿನ ಜೀವ ಇರುವುದು ಎರಡು ಸಂಗತಿಗಳಲ್ಲಿ. ಒಂದು, ವರ್ಷಕ್ಕೊಮ್ಮೆ ಬರುವ ಮಹಾಪೂರ. ಆ ಪೂರ ಎಷ್ಟು ಜೋರೆಂದರೆ ಕೆಳಗಿನ ನೋಮ್ ಪೆನ್ ಬಳಿ ಮೆಕಾಂಗ್ ಉಕ್ಕಿ, ಸಾಮಾನ್ಯವಾಗಿ ಅದಕ್ಕೆ ಬಂದು ಸೇರುವ ತೊನ್ಲೆ ಸಾಪ್ ನದಿಯನ್ನೇ ಹಿಂದಕ್ಕೆ ತಳ್ಳುತ್ತದೆ. ಉಪನದಿ ತಿಂಗಳುಗಟ್ಟಲೆ ಹಿಮ್ಮುಖವಾಗಿ ಹರಿದು, ಬೇಸಿಗೆಯಲ್ಲಿ ಸುಮಾರು 2,500 ಚದರ ಕಿ.ಮೀ. ಇರುವ ತೊನ್ಲೆ ಸಾಪ್ ಸರೋವರವನ್ನು ಸುಮಾರು 15,000 ಚದರ ಕಿ.ಮೀ.ಗೆ ಹಿಗ್ಗಿಸುತ್ತದೆ. ಮುಳುಗಿದ ಕಾಡಿನಲ್ಲಿ ಮರಿಮೀನುಗಳು ಬೆಳೆಯುತ್ತವೆ, ನೀರು ಇಳಿಯುವಾಗ ಅವು ಮೆಕಾಂಗ್‌ಗೆ ಬಂದು ಮೇಲಕ್ಕೆ ಈಜುತ್ತವೆ. ಸ್ಟುಂಗ್ ಟ್ರೆಂಗ್‌ನ ಮಡುವಿನಲ್ಲಿ ಕುಳಿತ ತೊರಕೆಯ ಊಟ ಹೀಗೆ ನೂರಾರು ಕಿ.ಮೀ. ಕೆಳಗಿನ ಕಾಡಿನಲ್ಲಿ ತಯಾರಾಗುತ್ತದೆ. ಎರಡನೆಯದು ಮರಳು ಮತ್ತು ಮೆಕ್ಕಲು. ಹಿಂದೆ ವರ್ಷಕ್ಕೆ ಸುಮಾರು 16 ಕೋಟಿ ಟನ್ ಮೆಕ್ಕಲು ಈ ನದಿಯಲ್ಲಿ ಹರಿದು ಬರುತ್ತಿತ್ತು.

ಇವೆರಡನ್ನೂ ತಡೆಯುವುದು ಅಣೆಕಟ್ಟು. ಚೀನಾದೊಳಗೆ ಲಾನ್‌ಸಾಂಗ್ ಎಂದು ಕರೆಯಲಾಗುವ ಮೇಲ್ಭಾಗದಲ್ಲಿ 292 ಮೀಟರ್ ಎತ್ತರದ ಶಿಯಾವಾನ್, 261 ಮೀಟರ್ ಎತ್ತರದ ನೂಚಾಡು ಸೇರಿದಂತೆ ಸಾಲು ಸಾಲು ಕಟ್ಟೆಗಳಿವೆ. ಇವು ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ವಿದ್ಯುತ್ತಿಗಾಗಿ ಬಿಡುತ್ತವೆ; ಪೂರ ತಗ್ಗುತ್ತದೆ, ಬೇಸಿಗೆಯ ನೀರು ಏರುತ್ತದೆ. ಬೇಸಿಗೆಯಲ್ಲಿ ನೀರು ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ: ಈ ನದಿಯ ಮೀನುಗಳ ವರ್ಷವೆಲ್ಲ ಏರಿಳಿತದ ಮೇಲೆ ನಿಂತಿದೆ, ಸರಾಸರಿಯ ಮೇಲಲ್ಲ. ಕೆಳಗೆ ಲಾವೋಸ್‌ನ ಸೈಯಾಬುರಿ 2019 ರಲ್ಲಿ ಪೂರ್ಣವಾಗಿ ಕೆಲಸ ಆರಂಭಿಸಿತು. ಕಾಂಬೋಡಿಯದ ಗಡಿಗೆ ಅಂಟಿಕೊಂಡಂತಿರುವ ಡಾನ್ ಸಹಾಂಗ್ 2020 ರಲ್ಲಿ. ಆದರೆ ಸ್ಟುಂಗ್ ಟ್ರೆಂಗ್‌ಗೆ ಅತಿ ಹತ್ತಿರದ್ದು ಸೆಸಾನ್ ಮತ್ತು ಸ್ರೆಪೊಕ್ ಕೂಡಿದ ಮೇಲೆ ಕಟ್ಟಿದ 400 ಮೆಗಾವಾಟ್‌ನ ಲೋವರ್ ಸೆಸಾನ್ 2. ಇದೊಂದೇ ಕಟ್ಟೆಯಿಂದ ಇಡೀ ಮೆಕಾಂಗ್ ಜಲಾನಯನದ ಮೀನಿನ ಒಟ್ಟು ರಾಶಿ 9.3% ಇಳಿಯಬಹುದು ಎಂದು 2012 ರಲ್ಲೇ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತ್ತು. 2018 ರಲ್ಲಿ ಅದು ಉದ್ಘಾಟನೆಯಾಯಿತು.

ಬೋರಮಿ ಈ ಕಟ್ಟೆಗಳಿಗಿಂತ ಹಿರಿಯಳು ಎಂಬ ಊಹೆ ನನಗೂ ಸರಿ ಎನಿಸುತ್ತದೆ.

ಹೊಳೆದಂಡೆ

ಇಬ್ಬರಿಗೂ ಧನ್ಯವಾದಗಳು. ನನ್ನ ಒಲವು ಅಲುಗಾಡಿದೆ, ಆದರೆ ಪೂರ್ತಿ ಬಿದ್ದಿಲ್ಲ. ಕನಿಷ್ಠ ಮೀನುಗಾರರ ಮನಸ್ಸು ಬದಲಾಗಿದೆಯಲ್ಲವೇ? ಹಿಂದೆ ಇಂತಹ ಮೀನನ್ನು ಕಡಿದು ಮಾರುತ್ತಿದ್ದರು, ಈಗ ಫೋನ್ ಮಾಡಿ ತಂಡವನ್ನು ಕರೆಯುತ್ತಾರೆ. ಅದೇ ವರ್ಷ ಮೇ ತಿಂಗಳಲ್ಲಿ ಅದೇ ಪ್ರಾಂತ್ಯದಲ್ಲಿ ಸುಮಾರು 4 ಮೀಟರ್ ಉದ್ದದ, 180 ಕೆ.ಜಿ.ಯ ಇನ್ನೊಂದು ಹೆಣ್ಣು ಸಿಕ್ಕಾಗಲೂ ಹೀಗೆಯೇ ಜೀವಂತ ಬಿಡಲಾಯಿತು. ಬೆಲೆ ಕೊಟ್ಟು ಬಿಡಿಸುವ ಈ ಪದ್ಧತಿಯನ್ನೇ ವಿಸ್ತರಿಸಬಾರದೇಕೆ?

ಗಾಳದಾರ

ಗಾಳ ಹಾಕುವವನಾಗಿ ಒಂದೆರಡು ಮಾತು. ಮೇ ತಿಂಗಳ ಆ ಮೀನು ಗಾಳವನ್ನು ನೇರವಾಗಿ ಕಚ್ಚಿದ್ದಲ್ಲ. ಗಾಳಕ್ಕೆ ಸಿಕ್ಕಿದ್ದ ಚಿಕ್ಕ ಮೀನನ್ನು ನುಂಗಲು ಹೋಗಿ ಸಿಕ್ಕಿಕೊಂಡದ್ದು. ಅಂದರೆ ಅಲ್ಲಿ ಯಾರೂ ತೊರಕೆಗೆಂದೇ ಗಾಳ ಹಾಕುತ್ತಿಲ್ಲ. ಒಂದೇ ಹಗ್ಗಕ್ಕೆ ಹಲವು ಗಾಳ ಕಟ್ಟಿ ಬಿಡುವ ಸಾಲುಗಾಳವನ್ನು ನಿಷೇಧಿಸಿದರೆ ಆ ಮನೆಯ ಊಟ ನಿಲ್ಲುತ್ತದೆ, ತೊರಕೆಯೊಂದು ಸಿಕ್ಕುವುದು ಮಾತ್ರ ವರ್ಷಗಳಿಗೊಮ್ಮೆ. ಇಂತಹ ಕಡೆ ನಷ್ಟ ತುಂಬಿಕೊಡುವುದು ನ್ಯಾಯವಾದ ದಾರಿ ಎಂದೇ ನನ್ನ ಅಭಿಪ್ರಾಯ.

ಆದರೆ ಬಿಟ್ಟ ಮಾತ್ರಕ್ಕೆ ಬದುಕಿತು ಎಂದು ತಿಳಿಯಬೇಡಿ. ಈ ಮೀನಿನ ಬಾಲದ ಬುಡದಲ್ಲಿರುವ ಗರಗಸದಂತಹ ಮುಳ್ಳು 38 ಸೆಂ.ಮೀ.ವರೆಗೆ ಬೆಳೆಯುತ್ತದೆ, ವಿಷವೂ ಇದೆ. ಮೂಳೆಗೂ ಇಳಿಯಬಲ್ಲ ಆಯುಧ ಅದು. ಆ ಭಯಕ್ಕೆ ಎಷ್ಟೋ ಕಡೆ ಮೀನು ದಡ ಸೇರುವ ಮೊದಲೇ ಬಾಲಕ್ಕೆ ಪೆಟ್ಟು ಬೀಳುತ್ತದೆ. ಪೆಟ್ಟು ಬೀಳದಿದ್ದರೂ ಇನ್ನೊಂದು ತೊಂದರೆ ಇದೆ. ಬಸುರಿ ತೊರಕೆಗಳು ಹಿಡಿತದ ಆಘಾತಕ್ಕೆ ಅಕಾಲದಲ್ಲಿ ಮರಿ ಹಾಕಿಬಿಡುವುದನ್ನು ಹಲವು ಪ್ರಭೇದಗಳಲ್ಲಿ ಸಂಶೋಧಕರು ದಾಖಲಿಸಿದ್ದಾರೆ. ಥಾಯ್ಲೆಂಡ್‌ನ ನದಿಗಳಲ್ಲಿ ಪ್ರವಾಸಿಗರು ದುಡ್ಡು ಕೊಟ್ಟು ದೈತ್ಯ ತೊರಕೆ ಹಿಡಿದು, ಫೋಟೋ ತೆಗೆಸಿಕೊಂಡು ಬಿಡುವ ವ್ಯಾಪಾರ ವರ್ಷಗಳಿಂದ ನಡೆದಿದೆ; ಅದರಿಂದ ಸಂಶೋಧಕರಿಗೆ ಅಳತೆಯ ಮಾಹಿತಿ ಸಿಕ್ಕಿದ್ದೂ ನಿಜ. ಒಂದು ಸೂಲಿಗೆ ನಾಲ್ಕೇ ಮರಿ ಹಾಕುವ ಪ್ರಾಣಿಯೊಂದಿಗೆ ಗಂಟೆಗಟ್ಟಲೆ ಹಗ್ಗಜಗ್ಗಾಟ ಆಡುವುದನ್ನು ಸಂರಕ್ಷಣೆ ಎಂದು ಕರೆಯಲು ಮಾತ್ರ ನನ್ನ ನಾಲಗೆ ಏಳುವುದಿಲ್ಲ.

ಅಡ್ಡಪ್ರಶ್ನೆ

ಬೆಲೆ ಕೊಟ್ಟು ಬಿಡಿಸುವವರು ಯಾರು ಎಂಬುದನ್ನೂ ಕೇಳಬೇಕು. ಆ ಯೋಜನೆಗೆ ಹಣ ಬರುತ್ತಿದ್ದದ್ದು ಅಮೆರಿಕ ಸರ್ಕಾರದ ಯುಎಸ್‌ಏಡ್ ಸಂಸ್ಥೆಯಿಂದ. 2025 ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಿದರು. ನದಿಯೊಂದರ ಮೀನಿನ ಆಯಸ್ಸು ಇನ್ನೊಂದು ಖಂಡದ ಬಜೆಟ್‌ಗೆ ಜೋತುಬಿದ್ದಿದ್ದರೆ ಅದನ್ನು ಪದ್ಧತಿ ಎನ್ನಲಾಗದು.

ಇನ್ನೊಂದು ಪ್ರಶ್ನೆ. ಕಾಡಿನಲ್ಲಿ ಉಳಿಸಲಾಗದ ಎಷ್ಟೋ ಪ್ರಾಣಿಗಳನ್ನು ಮನುಷ್ಯರು ಸಾಕಿ ಮರಿ ಮಾಡಿಸಿ ಮತ್ತೆ ಬಿಟ್ಟಿದ್ದಾರೆ. ಮರಿಗಳ ಸಂಖ್ಯೆ ಕಡಿಮೆ ಎನ್ನುವುದೇ ಸಮಸ್ಯೆಯಾದರೆ ಕೊಳಗಳಲ್ಲಿ ಸಾಕಬಾರದೇಕೆ?

ಮೆದುಮೂಳೆ

ಅದನ್ನೂ ಮಾಡಿ ನೋಡಿದ್ದಾರೆ. ಥಾಯ್ಲೆಂಡ್ ಸರ್ಕಾರ 1990 ರ ದಶಕದಲ್ಲಿ ಚೈನಾಟ್ ಎಂಬಲ್ಲಿ ಈ ತೊರಕೆಯನ್ನೂ ಇತರ ಸಿಹಿನೀರಿನ ತೊರಕೆಗಳನ್ನೂ ಸಾಕಿ ಮರಿ ಮಾಡಿಸುವ ಕಾರ್ಯಕ್ರಮ ಆರಂಭಿಸಿತ್ತು. ನದಿಯ ಪರಿಸರ ಸುಧಾರಿಸುವವರೆಗೆ ಸಂತತಿಯನ್ನು ಕಾಪಾಡಿಕೊಳ್ಳುವುದು ಉದ್ದೇಶವಾಗಿತ್ತು. 1996 ರ ಹೊತ್ತಿಗೇ ಅದು ನಿಂತಿತು. ಎರಡು ಮೀಟರ್ ಅಗಲದ ಪ್ರಾಣಿಗೆ ಕೊಳ ಎಷ್ಟು ದೊಡ್ಡದಿರಬೇಕು ಎಂದು ಯೋಚಿಸಿದರೆ ಆಶ್ಚರ್ಯವೇನೂ ಇಲ್ಲ.

ಸಾಕಿದ ಮರಿಗಳನ್ನು ಬಿಡುವುದೆಲ್ಲಿಗೆ ಎಂಬ ಪ್ರಶ್ನೆ ಹೇಗೂ ಉಳಿಯುತ್ತದೆ. 2016 ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಥಾಯ್ಲೆಂಡ್‌ನ ಮೇ ಕ್ಲೋಂಗ್ ನದಿಯಲ್ಲಿ ದೈತ್ಯ ತೊರಕೆಗಳು ಹತ್ತಾರು ಸಂಖ್ಯೆಯಲ್ಲಿ ಸತ್ತು ತೇಲಿದವು; ಮೇಲ್ಭಾಗದಲ್ಲಿ ನದಿಗೆ ಸೇರಿದ ಕಾರ್ಖಾನೆಯ ತ್ಯಾಜ್ಯದ ಮೇಲೆ ಅನುಮಾನ ಹೋಯಿತು. ವರ್ಷಕ್ಕೆ ಬೆರಳೆಣಿಕೆಯ ಮರಿ ಹಾಕುವ ಪ್ರಾಣಿಗಳಲ್ಲಿ ಬೆಳೆದವೇ ಹೀಗೆ ಒಂದೆರಡು ವಾರದಲ್ಲಿ ಸತ್ತರೆ, ಆ ನಷ್ಟವನ್ನು ಯಾವ ಸಾಕಾಣಿಕೆ ಕೇಂದ್ರವೂ ತುಂಬಿಕೊಡದು. ತಳದಲ್ಲಿ ಬದುಕುವ ಮೀನಿಗೆ ಇನ್ನೊಂದು ಶಾಪವೆಂದರೆ ನದಿಗೆ ಎಸೆದದ್ದೆಲ್ಲ ಕೊನೆಗೆ ಬಂದು ಸೇರುವುದು ಅದರ ಮನೆಗೇ. 2022 ರಲ್ಲಿ ಸ್ಟುಂಗ್ ಟ್ರೆಂಗ್‌ನ ಮಡುಗಳಿಗೆ ಕ್ಯಾಮೆರಾ ಇಳಿಸಿದ ತಂಡಕ್ಕೆ ಅತಿ ಆಳದಲ್ಲೂ ಪ್ಲಾಸ್ಟಿಕ್ ಕಸ ಮತ್ತು ಕಳಚಿ ಬಿದ್ದ ಬಲೆ, ದಾರಗಳು ಕಂಡವು.

ಹಿನ್ನೀರು

ಇಷ್ಟು ಹೊತ್ತು ಓದುತ್ತಿದ್ದೆ. ಒಂದು ಸಂಗತಿಯನ್ನು ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬೋರಮಿ ಸಿಕ್ಕಿದ್ದು ಜೂನ್‌ನಲ್ಲಿ. ಅದೇ 2022 ರ ಫೆಬ್ರವರಿಯಲ್ಲಿ, ಅದೇ ಸ್ಟುಂಗ್ ಟ್ರೆಂಗ್ ಪ್ರಾಂತ್ಯದಲ್ಲಿ, ಲಾವೋಸ್ ಗಡಿಯ ಅನ್ಲೊಂಗ್ ಚೆಉತಿಯಲ್ ಎಂಬ ಮಡುವಿನ ಕೊನೆಯ ಇರಾವಡಿ ಡಾಲ್ಫಿನ್ ಸತ್ತಿತು. ಸುಮಾರು 25 ವರ್ಷದ ಗಂಡು, ಬಲೆಗೆ ಸಿಕ್ಕಿಕೊಂಡಿತ್ತು. ಆ ಮಡುವಿನ ಡಾಲ್ಫಿನ್‌ಗಳ ವಂಶ ಅಲ್ಲಿಗೆ ಮುಗಿಯಿತು. ಹೊಳೆದಂಡೆಯವರು ಕೇಳಿದ ಪ್ರಶ್ನೆಯನ್ನು ಆ ಡಾಲ್ಫಿನ್‌ನ ಕುರಿತೂ ಅದರ ಕೊನೆಯ ವರ್ಷ ಕೇಳಬಹುದಿತ್ತು: ಇಷ್ಟು ದೊಡ್ಡ, ಆರೋಗ್ಯವಂತ ಪ್ರಾಣಿ ಇಲ್ಲಿ ಬದುಕಿದೆಯೆಂದರೆ ಮಡು ಚೆನ್ನಾಗಿದೆ ಎಂದಲ್ಲವೇ?

ಹಾಗೆಂದು ಎಲ್ಲ ಕಡೆ ಕತ್ತಲೆಯಿಲ್ಲ. ಕೆಳಗಿನ ಕ್ರಾಟಿಯೆಯ ಕಡೆ ಉಳಿದ ಡಾಲ್ಫಿನ್‌ಗಳ ಮಡುಗಳಲ್ಲಿ ಕಾವಲುಗಾರರಿದ್ದಾರೆ, 2023 ರ ಆರಂಭದಲ್ಲಿ ಸರ್ಕಾರ ಅಲ್ಲಿ ಮೀನುಗಾರಿಕೆಗೆ ಕಟ್ಟುನಿಟ್ಟಿನ ನಿರ್ಬಂಧ ಹಾಕಿತು. 2020 ರ ಗಣತಿಯಲ್ಲಿ 89 ಇದ್ದ ಅಂದಾಜು 2024 ರಲ್ಲಿ 105 ಆಯಿತು. ತೊರಕೆಗೂ ಅದೇ ಮಡು, ಅದೇ ಬಲೆ. ಡಾಲ್ಫಿನ್‌ಗೆ ಉಸಿರಾಡಲು ಮೇಲೆ ಬರಬೇಕಾದ್ದರಿಂದ ಪ್ರವಾಸಿಗರಿಗೆ ಕಾಣುತ್ತದೆ, ಕಂಡದ್ದಕ್ಕೆ ಕಾವಲು ಸಿಗುತ್ತದೆ. ತಳದಲ್ಲಿ ಮಲಗಿದ ತೊರಕೆ ಆ ಕಾವಲಿನ ನೆರಳಿನಲ್ಲಿ ಪುಕ್ಕಟೆಯಾಗಿ ಉಳಿದುಕೊಳ್ಳಲಿ ಎನ್ನುವುದು ನನ್ನ ಲೆಕ್ಕಾಚಾರ. ಹೊಸ ಯೋಜನೆ ಹುಡುಕುವ ಬದಲು ಡಾಲ್ಫಿನ್ ಮಡುಗಳ ನಿಯಮವನ್ನು ಮೇಲಿನ ತೊರಕೆಯ ಮಡುಗಳಿಗೂ ವಿಸ್ತರಿಸುವುದು ಸುಲಭವಲ್ಲವೇ?

ನೀರಿನ ಲೆಕ್ಕ

ಸುಲಭ, ಮತ್ತು ಬೇಕು. ಸ್ಟುಂಗ್ ಟ್ರೆಂಗ್ ಪಟ್ಟಣದಿಂದ ಮೇಲಿನ ನದಿಭಾಗ 1999 ರಿಂದಲೇ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿದೆ, ಹೀಗಾಗಿ ಕಾನೂನಿನ ನೆಲೆಯೂ ಇಲ್ಲದಿಲ್ಲ. ಆದರೆ ಬಲೆಯನ್ನು ಕಾವಲುಗಾರ ತಡೆಯಬಲ್ಲ, ತಗ್ಗಿದ ಪೂರವನ್ನು ತಡೆಯಲಾರ. ಮಡು ಎಂಬುದು ಕೋಣೆಯಂತೆ ಪ್ರತ್ಯೇಕವಾಗಿ ಬೀಗ ಹಾಕಿ ಕಾಯಬಹುದಾದ ಜಾಗವಲ್ಲ.

ಆದ್ದರಿಂದ ನನ್ನ ಕಣ್ಣು ಇರುವುದು 2030 ರ ಮೇಲೆ. ಮೆಕಾಂಗ್‌ನ ಮುಖ್ಯಹರಿವಿಗೆ ಅಡ್ಡವಾಗಿ ಸಂಬೋರ್ ಮತ್ತು ಸ್ಟುಂಗ್ ಟ್ರೆಂಗ್ ಎಂಬ ಎರಡು ಕಟ್ಟೆಗಳ ಪ್ರಸ್ತಾವ ಕಾಂಬೋಡಿಯದಲ್ಲಿ ಬಹಳ ಹಿಂದಿನಿಂದ ಇದೆ. 2020 ರ ಮಾರ್ಚ್‌ನಲ್ಲಿ ಸರ್ಕಾರ ಮುಖ್ಯಹರಿವಿನಲ್ಲಿ ಹತ್ತು ವರ್ಷ ಹೊಸ ಕಟ್ಟೆ ಕಟ್ಟುವುದಿಲ್ಲ ಎಂದು ಘೋಷಿಸಿತು. ಈ ಎರಡರಲ್ಲಿ ಯಾವುದು ಎದ್ದರೂ ನಾವು ಮಾತಾಡುತ್ತಿರುವ ಮಡುಗಳಲ್ಲಿ ಕೆಲವು ಹಿನ್ನೀರಿನ ತಳ ಸೇರಿ ನಿಧಾನವಾಗಿ ಹೂಳಿನಿಂದ ತುಂಬಿಕೊಳ್ಳುತ್ತವೆ. ವಿದ್ಯುತ್ತು ಬೇಡ ಎಂದು ಅಲ್ಲಿನ ಜನರಿಗೆ ದೂರದಲ್ಲಿ ಕುಳಿತು ಹೇಳುವ ಅಧಿಕಾರ ನನಗಿಲ್ಲ. ಆದರೆ ಕೆಳ ಮೆಕಾಂಗ್‌ನ ನದಿಗಳಿಂದ ವರ್ಷಕ್ಕೆ ಸುಮಾರು 20 ಲಕ್ಷ ಟನ್ ಮೀನು ಸಿಗುತ್ತದೆ, ಕಾಂಬೋಡಿಯದ ಜನರ ಪ್ರಾಣಿಜನ್ಯ ಪ್ರೋಟೀನಿನ ಬಹುಭಾಗ ಅದರಿಂದಲೇ ಬರುತ್ತದೆ. ಕಟ್ಟೆಯ ಖರ್ಚಿನ ಪಟ್ಟಿಯಲ್ಲಿ ಆ ಮೀನನ್ನೂ ಬರೆದು ಕೂಡಿಸಲಿ ಎಂದಷ್ಟೇ ಕೇಳುತ್ತೇನೆ. 1995 ರಲ್ಲಿ ನಾಲ್ಕು ಕೆಳದೇಶಗಳು ಸೇರಿ ಕಟ್ಟಿದ ಮೆಕಾಂಗ್ ನದಿ ಆಯೋಗ ಇಂತಹ ಲೆಕ್ಕ ಕೇಳಬಲ್ಲದು, ಆದರೆ ಕಟ್ಟೆ ಬೇಡ ಎಂದು ತಡೆಯುವ ಹಕ್ಕು ಅದಕ್ಕಿಲ್ಲ. ಚೀನಾ ಅದರ ಸದಸ್ಯ ದೇಶವೂ ಅಲ್ಲ.

ಹೊಳೆದಂಡೆ

ನನ್ನ ಮೊದಲ ಬರಹದ ಕೊನೆಯ ವಾಕ್ಯವನ್ನು ನಾನು ಹಿಂದಕ್ಕೆ ಪಡೆಯುತ್ತೇನೆ. ಹಿನ್ನೀರು ಅವರು ಹೇಳಿದ ಡಾಲ್ಫಿನ್‌ನ ವಿಷಯ ನನಗೆ ಗೊತ್ತಿತ್ತು, ಎರಡೂ ಒಂದೇ ಪ್ರಾಂತ್ಯದಲ್ಲಿ ನಾಲ್ಕು ತಿಂಗಳ ಅಂತರದಲ್ಲಿ ನಡೆದವು ಎಂಬುದನ್ನು ಮಾತ್ರ ಜೋಡಿಸಿ ನೋಡಿರಲಿಲ್ಲ.

ಮೆದುಮೂಳೆಯವರಿಗೆ ಒಂದು ಕೊನೆಯ ಪ್ರಶ್ನೆ. ನೀವು ಹೇಳಿದ ತಟ್ಟೆಯಷ್ಟಗಲದ ಮರಿಗಳನ್ನು ಹುಡುಕುವುದು ಹೇಗೆ? 80 ಮೀಟರ್ ಆಳದ ಕೆಸರಿನಲ್ಲಿ ಅವನ್ನು ಎಣಿಸುವವರು ಯಾರು?

ಮೆದುಮೂಳೆ

ಎಣಿಸುವವರು ಈಗಾಗಲೇ ಅಲ್ಲಿದ್ದಾರೆ. ಸ್ಟುಂಗ್ ಟ್ರೆಂಗ್ ಮತ್ತು ಕ್ರಾಟಿಯೆಯ ಮೀನುಗಾರರು ಪ್ರತಿದಿನ ಬೆಳಿಗ್ಗೆ ಬಲೆ ಎತ್ತುತ್ತಾರೆ. ದೊಡ್ಡದು ಸಿಕ್ಕರೆ ಫೋನ್ ಮಾಡುವಂತೆ ಅವರಿಗೆ ಹೇಳಿಕೊಟ್ಟಾಗಿದೆ. ಚಿಕ್ಕದು ಸಿಕ್ಕರೂ ಮಾಡಿ ಎಂದು ಹೇಳಬೇಕು, ಫೋನಿನಲ್ಲೇ ಅಗಲ ಕಾಣುವಂತೆ ಒಂದು ಚಿತ್ರ ಮತ್ತು ಜಾಗದ ಹೆಸರು ತೆಗೆದುಕೊಳ್ಳಬೇಕು. ಗೊಂದಲವೊಂದಿದೆ: ಅದೇ ನದಿಯಲ್ಲಿ ಹೆಮಿಟ್ರೈಗನ್ ಲಾವೊಸೆನ್ಸಿಸ್ ಎಂಬ ಚಿಕ್ಕ ತೊರಕೆಯೂ ಇದೆ, ಅದೂ ಅಳಿವಿನಂಚಿನದ್ದೇ. ಅದರ ಹೊಟ್ಟೆಯ ಭಾಗದಲ್ಲಿ ಕಿತ್ತಳೆ ಬಣ್ಣದ ಮಚ್ಚೆಗಳಿರುತ್ತವೆ. ದೈತ್ಯನ ಮರಿಯ ಹೊಟ್ಟೆ ಬಿಳಿ, ರೆಕ್ಕೆಯ ಅಂಚಿನಲ್ಲಿ ಅಗಲವಾದ ಕಪ್ಪು ಪಟ್ಟಿ. ಆದ್ದರಿಂದ ಬಿಡುವ ಮೊದಲು ಒಮ್ಮೆ ಮಗುಚಿ ಹೊಟ್ಟೆಯ ಚಿತ್ರವನ್ನೂ ತೆಗೆಯಬೇಕು.

ಗಾಳದಾರ

ಮಗುಚುವಾಗ ಬಾಲವನ್ನು ಒದ್ದೆ ಬಟ್ಟೆಯಿಂದ ಸುತ್ತಿ ಹಿಡಿಯಲು ಹೇಳಿ. ಮರಿಯಾದರೂ ಮುಳ್ಳು ಮುಳ್ಳೇ.